ಹೋದ ವರ್ಷದಂತೆ

“ಇದಕ್ಕೂ ‘ಇಲ್ಲ’ ಅಂತ ಬರೀಲೇನ್ರಿ ಸಾಹೇಬ್ರ?” ಎಂದು ಕೇಳಿದ ಗೈಬುಸಾಬ. ಕೇಳಿದ್ದು ಬರೀ ಬಾಯಿಮಾತಿಗೆ. ಪೆನ್ನಿನ ತುದಿ ಆಗಲೇ ಕಾಗದಕ್ಕೆ ತಾಗಿತ್ತು.

“ಹೋದ ವರ್ಷದ್ದ ಹಂಗ ಇರ್ಲಿ,” ಎಂದ ಡಾಕ್ಟರ್ ಧರ್ಮರಾಜ, ಕಾಲಿಗೆ ಸಾಕ್ಸು ಏರಿಸುತ್ತ.

“ತಡೀರಿ ಕಾಕಾ.”

ಮಾತು ಅಡುಗೆಮನೆಯ ಬಾಗಿಲಿನಿಂದ ಬಂದಿತ್ತು. ಗೈಬುಸಾಬ ಕನ್ನಡಕದ ಮೇಲಿನಿಂದ ಆ ಕಡೆ ನೋಡಿದ. ಎಷ್ಟೋ ವರ್ಷದಿಂದ ಈ ಮನೆಗೆ ಬಂದು ಹೋಗುತ್ತಿದ್ದ ಅವನಿಗೆ, ಡಾಕ್ಟರ ಹೆಂಡತಿ ಯಶೋಧರಾ ಚಹಾ ತಂದು ಸ್ಟೂಲಿನ ಮೇಲಿಟ್ಟು ಒಳಗೆ ಸರಿಯುವುದಷ್ಟೇ ಗೊತ್ತು. ಅವಳ ದನಿ ಹೇಗಿದೆ ಎನ್ನುವುದು ಇವತ್ತೇ ಗೊತ್ತಾದಂತಾಯಿತು.

“ಯಾಕ್ರಿ ಅಕ್ಕಾರ? ಏನರೆ ತಪ್ಪ ಬರದೇನು?”

“ಅದೊಂದು ಈಗ ಬರೀಬ್ಯಾಡ್ರಿ. ಉಳಿದಿದ್ದೆಲ್ಲಾ ಬರ್ಕೋರಿ.” ಬಾಗಿಲ ಚೌಕಟ್ಟು ಹಿಡಿದಿದ್ದ ಕೈಯನ್ನು ಅವಳು ಬಿಡಲಿಲ್ಲ.

ಗೈಬುಸಾಬ ಆ ಸಾಲನ್ನು ಮತ್ತೆ ಓದಿದ, ಈ ಸಲ ನಿಜವಾಗಿಯೂ ಓದಿದ. ‘ನಿಮ್ಮ ವೃತ್ತಿಗೆ ಅಡ್ಡಿಯಾಗಬಹುದಾದ ಯಾವುದಾದರೂ ಶಾರೀರಿಕ ನ್ಯೂನತೆ ಇದೆಯೇ?’ ಓದಿ ಮುಗಿಸಿ ಪೆನ್ನಿನ ಕ್ಯಾಪು ಹಾಕಿದ.

ಸೊಲ್ಲಾಪುರ ರಸ್ತೆಯ ಟೈರಿನ ಅಂಗಡಿಯ ಮೇಲೆ ಅವನದೊಂದು ಆಫೀಸು ಇದೆ. ಆದರೆ ಅವನ ವ್ಯಾಪಾರವೆಲ್ಲ ನಡೆಯುವುದು ಡಾಕ್ಟರುಗಳ ಮನೆಯ ಪಡಸಾಲೆಯಲ್ಲಿ, ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ. ಅವನು ಮಾರುವುದು ಡಾಕ್ಟರುಗಳ ವಿಮೆ. ರೋಗಿಗೆ ಏನಾದರೂ ಹೆಚ್ಚುಕಮ್ಮಿಯಾಗಿ ಮನೆಯವರು ಕೋರ್ಟಿಗೆ ಹೋದರೆ ಡಾಕ್ಟರ ಬೆನ್ನಿಗೆ ನಿಲ್ಲುವ ವಿಮೆ. ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಿಸಬೇಕು. ಎಲ್ಲಿ ಕೆಲಸ ಮಾಡುತ್ತೀರಿ, ಏನೇನು ಮಾಡುತ್ತೀರಿ, ಹೋದ ವರ್ಷದಿಂದ ಏನು ಬದಲಾಗಿದೆ ಎಂದು ಕಂಪನಿ ಕೇಳುತ್ತದೆ. ಡಾಕ್ಟರುಗಳು ಅದನ್ನು ಓದುವುದಿಲ್ಲ. “ಹೋದ ವರ್ಷದ್ದ ಹಂಗ” ಎಂದು ಸಹಿ ಹಾಕಿ ಏಳುತ್ತಾರೆ. ಕೆಲವರಂತೂ ಖಾಲಿ ಕಾಗದದ ಮೇಲೇ ಸಹಿ ಮಾಡಿ ಕಳಿಸುತ್ತಾರೆ. ವಿಜಯಪುರದಿಂದ ಬಬಲೇಶ್ವರದವರೆಗೆ ಇದೇ ರಿವಾಜು.

ಯಶೋಧರಾಳ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಅದು ಗಂಡನ ಕೆಲಸದ ಫೋನು. ಧರ್ಮರಾಜ ಅರವಳಿಕೆ ಡಾಕ್ಟರ. ಜನರ ಬಾಯಲ್ಲಿ ‘ಬೇಶುದ್ಧಿ ಡಾಕ್ಟರ’. ಅವನಿಗೆ ಸ್ವಂತ ದವಾಖಾನೆ ಇಲ್ಲ. ಎಲ್ಲಿ ಆಪರೇಷನ್ನೋ ಅಲ್ಲಿಗೆ ಓಡಬೇಕು. ಅವನು ಒಳಗಿದ್ದಾಗ ಫೋನು ಎತ್ತುವವರಿಲ್ಲ ಎಂದು ಮದುವೆಯಾದ ಹೊಸತರಲ್ಲೇ ಎಲ್ಲ ದವಾಖಾನೆಗಳಿಗೆ ಮನೆಯಲ್ಲಿರುವ ಈ ನಂಬರನ್ನೇ ಕೊಟ್ಟಿದ್ದ. ಬೇರೆಯವರೆದುರು ನಿಂತು ಮಾತಾಡಲು ನಾಚುವ ಯಶೋಧರಾ ಮುಖ ಕಾಣದ ಫೋನಿನಲ್ಲಿ ಮಾತ್ರ ಚೆನ್ನಾಗಿ ಮಾತಾಡುತ್ತಿದ್ದಳು.

“ಟಿಕೋಟಾದ ಜೀನತ ಸಿಸ್ಟರ್‌ರಿ. ಹೆರಿಗಿ ಕೇಸಂತ, ಲಗೂನ ಬರ್ರಿ ಅಂತಾರ,” ಎಂದಳು ಗಂಡನಿಗೆ.

“ಹೊಂಟೆ ಅನ್ನು.” ಧರ್ಮರಾಜ ಎದ್ದು ಚೀಲ ಎತ್ತಿಕೊಂಡ. ಗೈಬುಸಾಬನ ಕಡೆಗಾಗಲಿ ಹೆಂಡತಿಯ ಕಡೆಗಾಗಲಿ ನೋಡಲಿಲ್ಲ.

“ಸಾಹೇಬ್ರ, ಸಹಿ?” ಗೈಬುಸಾಬ ಬಾಗಿಲತನಕ ಹಿಂದೆಯೇ ಹೋದ. “ಶನಿವಾರಕ್ಕ ಮುಗೀತೈತ್ರಿ ಪಾಲಿಸಿ! ಒಂದ ದಿನ ಖಂಡ ಬಿತ್ತಂದ್ರ ಹಿಂದಿನ ವರ್ಷದ ಕೇಸಿಗೂ ಕಂಪನಿ ಕೈ ಎತ್ತತೈತಿ. ನಡುವ ದಾರ ಕಡಿಬಾರದು ನೋಡ್ರಿ!”

ಧರ್ಮರಾಜ ಮೆಟ್ಟಿಲಿಳಿದು ಕಾರಿನ ಕಡೆ ನಡೆದ. ಮಂಚದ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತಿದ್ದ ಅತ್ತೆ ತಿಪ್ಪವ್ವ ಮಗನ ಬೆನ್ನನ್ನೂ ಸೊಸೆಯ ಮುಖವನ್ನೂ ನೋಡಿದಳು. “ಏನ ಬೇ ಯಶೋದಿ, ನಿನಗೇನರೆ ಹೇಳೂದೈತೇನು ಅವಗ?”

“ಐತಿ ಅತ್ತಿ.”

“ಹಂಗಾದ್ರ ಹೋಗು. ಮನ್ಯಾಗಂತೂ ಅವ ಕೂಡ್ರಾಂವಲ್ಲ. ಗಾಡ್ಯಾಗ ಕುಂತ್ರ ಇಳದು ಓಡ್ತಾನೇನು?”

ಹೀಗೆ ಯಶೋಧರಾ ಚಪ್ಪಲಿ ಮೆಟ್ಟಿ, ಫೋನು ಹಿಡಿದುಕೊಂಡು, ಸ್ಟಾರ್ಟಾಗಿದ್ದ ಕಾರಿನ ಬಾಗಿಲು ತೆಗೆದು ಗಂಡನ ಪಕ್ಕ ಕೂತಳು.

“ನೀ ಎಲ್ಲಿಗಿ?”

“ನಿಮ್ಮ ಜೋಡಿ.”

ಅವನು ಗೇರು ಹಾಕಿದ. ಕಾರು ಊರು ದಾಟಿ ಟಿಕೋಟಾದ ದಾರಿ ಹಿಡಿಯಿತು.

ಯಶೋಧರಾಳದು ನಿಡೋಣಿ. ಮುಂದಿನ ಸಾಲೆಗೆ ಬಬಲೇಶ್ವರಕ್ಕೆ ಹೋಗಬೇಕು, ಬಸ್ಸಿನ ಖಾತ್ರಿ ಇಲ್ಲ ಎಂದು ಅಪ್ಪ ನಡುವೆಯೇ ಅವಳನ್ನು ಬಿಡಿಸಿದ್ದ. ಸೋದರತ್ತೆಯ ಮಗ ಡಾಕ್ಟರಿಕೆ ಮುಗಿಸಿದ ಮೇಲೆ ಅವನಿಗೇ ಕೊಟ್ಟರು. ದೊಡ್ಡ ಮಾತುಗಳ ನಡುವೆ ಬಾಯಿ ಹಾಕುವುದು ತನ್ನ ಕೆಲಸವಲ್ಲ ಎಂದು ಅವಳು ಮೊದಲಿನಿಂದಲೂ ಬದಿಗೆ ನಿಂತವಳು. ಬದಿಗೆ ನಿಂತವರಿಗೆ ನೋಡುವುದಕ್ಕೆ ಬೇಕಾದಷ್ಟು ಸಿಗುತ್ತದೆ. ಗಂಡನ ವಿಷಯದಲ್ಲಿ ಈ ಚಳಿಗಾಲದಿಂದ ಅವಳು ನೋಡುತ್ತಲೇ ಇದ್ದಳು.

ಮಾಗಿಯಲ್ಲಿ ಅವನಿಗೆ ಜೋರು ಜ್ವರ ಬಂದು ವಾರವಿಡೀ ಹಾಸಿಗೆ ಹಿಡಿದಿದ್ದ. ಎದ್ದು ಕೆಲಸಕ್ಕೆ ಹೋಗಲು ಶುರುಮಾಡಿದ ಮೇಲೆ ಒಂದು ಮುಂಜಾನೆ ತಾನೇ ಚಹಾ ಮಾಡುತ್ತೇನೆಂದು ಅಡುಗೆಮನೆಗೆ ಹೋದ. ಯಶೋಧರಾ ಹಿತ್ತಲಿಂದ ಬಂದು ನೋಡುತ್ತಾಳೆ: ಗ್ಯಾಸಿನ ಒಲೆಯ ಗುಂಡಿ ಪೂರ್ತಿ ತಿರುಗಿದೆ, ಉರಿ ಇಲ್ಲ. ಸುಸ್ಸೆಂದು ಗ್ಯಾಸು ಸೋರುತ್ತಿದೆ. ಧರ್ಮರಾಜ ಅದರ ಮುಂದೆಯೇ ನಿಂತು ಮೊಬೈಲು ನೋಡುತ್ತಿದ್ದಾನೆ. ನೆಗಡಿಯಿಂದ ಮೂಗು ಕಟ್ಟಿತ್ತು, ವಾಸನೆ ಹತ್ತಲಿಲ್ಲ ಎನ್ನಬಹುದು. ಆದರೆ ಆ ಸದ್ದು? ಅದು ಹಿತ್ತಲ ಬಾಗಿಲಿಗೇ ಕೇಳುತ್ತಿತ್ತು. ಅವಳು ಓಡಿಹೋಗಿ ಗುಂಡಿ ತಿರುಗಿಸಿದಳು. ಅವನು ಗುಂಡಿಯನ್ನು ನೋಡಿದ, ಅವಳನ್ನು ನೋಡಿದ, ಮುಖ ಬಿಳಿಚಿಕೊಂಡಿತು. ಮೊಬೈಲನ್ನು ಕಿಸೆಗಿಟ್ಟು ಹೊರಗೆ ಹೋದ.

ಮಾತು ಅವನಿಗೆ ಚೆನ್ನಾಗಿ ಕೇಳುತ್ತಿತ್ತು. ಗಾಡಿಯ ಹಾರ್ನು, ಬಾಗಿಲು ಬಡಿದದ್ದು, ಎಲ್ಲವೂ ಕೇಳುತ್ತಿತ್ತು. ಸಣ್ಣ, ತೆಳ್ಳನೆಯ ಸದ್ದುಗಳು ಮಾತ್ರ ಅವನ ಬಳಿ ಬರುತ್ತಿರಲಿಲ್ಲ. ಅದಾದ ಕೆಲವೇ ದಿನಕ್ಕೆ ಅವನು ಹೊಸದೊಂದು ಮಾತು ಹೇಳಿದ್ದ: “ಸಣ್ಣ ಹುಡ್ರ ಕೇಸ್ ಬಂದ್ರ ಇಲ್ಲ ಅನ್ನು. ಊರಾಗಿಲ್ಲ ಅನ್ನು.” ಅಂದಿನಿಂದ ಅವಳು ಫೋನಿನಲ್ಲಿ ಸುಳ್ಳು ಹೇಳತೊಡಗಿದಳು. “ಸಾಹೇಬ್ರು ಸೊಲ್ಲಾಪುರಕ್ಕ ಹೋಗ್ಯಾರ್ರಿ,” “ಲಗ್ನಕ್ಕ ಹೋಗ್ಯಾರ್ರಿ.” ಆ ಕಡೆಯವರು “ಅಯ್ಯ, ಹುಡುಗಿನ್ನ ಮತ್ತ ಎಲ್ಲಿಗೆ ಒಯ್ಯೂದ್ರಿ ಈಗ?” ಎಂದಾಗ ಅವಳು ಫೋನು ಕಟ್ ಮಾಡಿಬಿಡುತ್ತಿದ್ದಳು.

ದ್ರಾಕ್ಷಿ ತೋಟಗಳು ಶುರುವಾದ ಮೇಲೆ ಅವಳು ಬಾಯಿಬಿಟ್ಟಳು. “ನಿಮಗ ಸಿಟ್ಟ ಬಂದೈತಿ.”

“ಹೊರಗಿನ ಮಂದಿ ಮುಂದ ಹಂಗ ಮಾತಾಡ್ತಾರೇನು?”

“ಮನ್ಯಾಗ ಮಾತಾಡಾಕ ನೀವು ಬಿಡಬೇಕಲ್ರಿ.”

“ಏನೈತಿ ಮಾತಾಡೂದು?” ಅವನ ಕೈ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿಯಿತು. “ಜ್ವರ ಬಂದಿತ್ತು, ಕಿವಿ ಒಂದೀಟು ಗುಂಯ್ ಅಂದಿರಬೇಕು. ಹೋಗ್ತೈತಿ ತಾನ.”

ಕಿವಿ ಎಂಬ ಶಬ್ದವನ್ನು ಅವಳು ಇನ್ನೂ ಎತ್ತಿರಲಿಲ್ಲ. ಅದು ಅವನಿಗೂ ತಕ್ಷಣ ಹೊಳೆಯಿತು. ಟಿಕೋಟಾ ಬರುವವರೆಗೆ ಅವನು ಕಾರನ್ನು ಜೋರಾಗಿ ಓಡಿಸಿದ.

ದವಾಖಾನೆಯ ಪಡಸಾಲೆಯ ಬೆಂಚಿನ ಮೇಲೆ ಅವಳು ಕಾದು ಕೂತಳು. ಒಳಗಿನಿಂದ ಕಬ್ಬಿಣದ ತಟ್ಟೆಗಳ ಸದ್ದು, ಜೀನತ ಸಿಸ್ಟರಳ ಗದರಿಕೆ, ಸ್ವಲ್ಪ ಹೊತ್ತಿಗೆ ಒಂದು ಬಿರುಸಾದ ಅಳು. ಹೊರಗೆ ನಿಂತಿದ್ದ ಗಂಡಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಸಿಸ್ಟರ್ ಕೈ ಒರೆಸುತ್ತ ಹೊರಬಂದು ಅವಳನ್ನು ಕಂಡಳು. “ಅಯ್ಯ, ನೀವೇನ್ರಿ ಫೋನಿನ್ಯಾಗ ಮಾತಾಡೋ ಅಕ್ಕಾರ? ನಾ ಭಾಳ ದೊಡ್ಡವ್ರು ಅನ್ಕೊಂಡಿದ್ದೆ, ನೋಡಿದ್ರ ನನ್ನಕಿಂತ ಸಣ್ಣವ್ರ ಅದೀರಿ!” ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, “ಸಾಹೇಬ್ರಿಗೆ ಹೇಳ್ರಿ, ಹುಡ್ರ ಕೇಸಿಗೂ ಬರ್ರಿ ಅಂತ. ಇವರಂಥ ಕೈ ನಮಗ ಸಿಗಂಗಿಲ್ಲ,” ಎಂದಳು. ಯಶೋಧರಾ ತಲೆ ತಗ್ಗಿಸಿ ಸೆರಗಿನ ಅಂಚನ್ನು ನೇವರಿಸಿದಳು.

ಹಿಂದಿರುಗುವಾಗ, ಒಣದ್ರಾಕ್ಷಿಯ ಶೆಡ್ಡುಗಳಿರುವ ಕಡೆ, ಧರ್ಮರಾಜ ಕಾರನ್ನು ಬದಿಗೆ ಹಚ್ಚಿ ನಿಲ್ಲಿಸಿದ. ಹಸಿರು ಬಲೆಯ ಕೆಳಗೆ ಹೆಂಗಸರು ಕೂತು ಹಣ್ಣು ಹರವುತ್ತಿದ್ದರು. ಅವನು ಕಿಟಕಿಯ ಗಾಜು ಇಳಿಸಿದ.

“ಒಲಿ ಮುಂದ ನಿಂತಾಗ ತಿಳೀತೇನು ನಿನಗ?”

“ಹೂಂರಿ.”

“ನನಗ ಅದಕ್ಕೂ ಮೊದಲ ತಿಳಿದಿತ್ತು.” ಅವನು ಮುಂದಿನ ರಸ್ತೆಯನ್ನೇ ನೋಡುತ್ತಿದ್ದ. “ಸಣ್ಣ ಹುಡ್ರಿಗೆ ಗಂಟಲದಾಗ ನಳಿಗಿ ಇಳಿಸಿದ ಮ್ಯಾಲ ಬಗ್ಗಿ ಕಿವಿಗೊಟ್ಟು ಕೇಳಬೇಕಾಕ್ಕೈತಿ. ನಳಿಗಿ ಬದಿಯಿಂದ ಒಂಚೂರು ಗಾಳಿ ಸೋರ್ತಿರ್ತೈತಿ, ಸುಸ್ ಅಂತ. ಅದು ಕೇಳಿದ್ರ ನಳಿಗಿ ಬರಾಬರಿ ಕುಂತೈತಿ ಅಂತ ಅರ್ಥ. ಆ ಸದ್ದ ನನಗ ಬರವಲ್ದು ಯಶೋದಾ. ದೊಡ್ಡವ್ರದ್ದು ನಡೀತೈತಿ, ಎಲ್ಲಾ ಪರದೆ ಮ್ಯಾಲ ಕಾಣ್ತೈತಿ. ಹುಡ್ರಿಗೆ ನನಗ ಧೈರ್ಯ ಆಗವಲ್ದು.”

“ಮತ್ತ ತೋರಿಸ್ಕೊಬೇಕಲ್ರಿ.”

“ಯಾರಿಗೆ ತೋರ್ಸಲಿ? ಈ ಊರಾಗ ಕಿವಿ ಡಾಕ್ಟರ್ರೆಲ್ಲಾ ನನ್ನ ಜೋಡಿ ಕೆಲಸ ಮಾಡಾವ್ರು. ಒಬ್ಬರಿಗೆ ಗೊತ್ತಾತಂದ್ರ ಎಲ್ಲಾರಿಗೂ ಗೊತ್ತಾಕ್ಕೈತಿ. ಕಿವುಡ ಡಾಕ್ಟರ ಅಂದ್ರ ಮುಗೀತು, ಫೋನ ಬರೂದ ಬಂದ್ ಆಕ್ಕೈತಿ. ಫಾರ್ಮಿನ್ಯಾಗ ಬರದ್ರ ಕಂಪನಿನೂ ಒಲ್ಲೆ ಅಂತೈತಿ. ಅದಿಲ್ದ ಯಾವ ದವಾಖಾನಿಯವ್ರು ನನ್ನ ಒಳಗ ಬಿಡ್ತಾರ?”

ಯಶೋಧರಾ ಮಡಿಲಲ್ಲಿದ್ದ ಫೋನನ್ನು ಪಕ್ಕಕ್ಕಿಟ್ಟಳು. ತನಗೆ ಗೊತ್ತಿಲ್ಲದ ವಿಷಯ ಬಹಳವಿದೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದೊಂದನ್ನೇ ಕೇಳಿದಳು.

“ಫಾರ್ಮಿನ್ಯಾಗ ‘ಇಲ್ಲ’ ಅಂತ ಬರದ್ರ ಕಿವಿ ಕೇಳ್ತೈತೇನ್ರಿ?”

ಧರ್ಮರಾಜ ಅವಳ ಕಡೆ ತಿರುಗಿದ. ಬೈಯುತ್ತಾನೆ ಎಂದುಕೊಂಡಳು. ಅವನ ತುಟಿ ಅದುರಿತು, ಆಮೇಲೆ ಹೆಗಲು ಅಲುಗಿತು. ನಗುತ್ತಿದ್ದ. ನಗುತ್ತ ನಗುತ್ತ ಕಣ್ಣಲ್ಲಿ ನೀರು ತಂದುಕೊಂಡ. ಇಷ್ಟು ದಿನ ಒಬ್ಬನೇ ಹೊತ್ತು ತಿರುಗಿದ್ದನ್ನು ಯಾರೋ ಇನ್ನೊಂದು ಕಡೆಯಿಂದ ಎತ್ತಿ ಹಿಡಿದಂತೆ, ಸೀಟಿಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟ.

“ಹೋದ ವರ್ಷ ಇಲ್ಲ ಅಂದಿದ್ದು ಖರೇನ ಇತ್ತು,” ಎಂದ ಕಣ್ಣು ಒರೆಸಿಕೊಳ್ಳುತ್ತ.

“ಹೌದ್ರಿ. ಅದು ಹೋದ ವರ್ಷದ್ದು.”

ಮರುದಿನ ಅವರು ಹೋದದ್ದು ಗೋಳಗುಮ್ಮಟದ ಹತ್ತಿರ ಕಿವಿ ಡಾಕ್ಟರ್ ಸುರೈಯಾಳ ದವಾಖಾನೆಗೆ. ಕಲಿಯುವಾಗ ಧರ್ಮರಾಜನ ಓರಗೆಯವಳು, ಬಾಯಿ ಜೋರು. ಅವನು ಇನ್ನೂ ಅರ್ಧ ಹೇಳಿರಲಿಲ್ಲ, ಅವಳು ಮೇಜು ಬಡಿದಳು.

“ಲೇ ಧರ್ಮ್ಯಾ, ಚಳಿಗಾಲದಿಂದ ಹಿಂಗೈತಿ, ಈಗ ಬಂದೀಯೇನೋ? ಬ್ಯಾರೆ ಪೇಷಂಟ ಹಿಂಗ ಮಾಡಿದ್ರ ನೀ ಏನ ಅಂತಿದ್ದಿ?”

“ಬೈತಿದ್ದೆ.”

“ಕೇಳ್ತಲ್ಲ ಚೊಲೋ? ಹಂಗಾದ್ರ ಬೈಗುಳದ ಕಿವಿ ಬರಾಬರಿ ಐತಿ.” ಯಶೋಧರಾಳ ಕಡೆ ತಿರುಗಿ, “ಇವನ್ನ ಇಲ್ಲಿತನಕ ಎಳಕೊಂಡ ಬಂದವ್ರು ನೀವೇನ್ರಿ?” ಎಂದಳು. ಧರ್ಮರಾಜನೇ ಹೌದೆಂದು ತಲೆಯಾಡಿಸಿದ.

ಗಾಜಿನ ಕಿಟಕಿಯಿದ್ದ ಸಣ್ಣ ಕೋಣೆಯಲ್ಲಿ ಅವನನ್ನು ಕೂರಿಸಿ ಕಿವಿಗೆ ದಪ್ಪನೆಯ ಯಂತ್ರ ಹಾಕಿದರು. ಸದ್ದು ಕೇಳಿದಾಗ ಬೆರಳು ಎತ್ತಬೇಕು. ಹೊರಗೆ ಕೂತ ಹುಡುಗಿ ಗುಂಡಿ ಒತ್ತುತ್ತಿದ್ದಳು, ಅವಳ ಹಿಂದೆ ಯಶೋಧರಾ ನಿಂತಿದ್ದಳು. ಎಷ್ಟೋ ಜನರನ್ನು ಮಲಗಿಸಿ ಅವರ ತಲೆದೆಸೆಯಲ್ಲಿ ಎಚ್ಚರ ಕೂರುವ ಮನುಷ್ಯ ಇವತ್ತು ತಾನೇ ಕಣ್ಣು ಮುಚ್ಚಿ ಸಾಲೆಯ ಹುಡುಗನಂತೆ ಕೂತಿದ್ದ. ಬೆರಳು ಏಳುತ್ತಿತ್ತು, ಇಳಿಯುತ್ತಿತ್ತು. ಮತ್ತೆ ಏಳುತ್ತಿತ್ತು. ಆಮೇಲೆ ಹುಡುಗಿ ಒತ್ತಿದಳು. ಬೆರಳು ತೊಡೆಯ ಮೇಲೆ ಸುಮ್ಮನಿತ್ತು. ಇನ್ನೊಮ್ಮೆ ಒತ್ತಿದಳು. ಸುಮ್ಮನಿತ್ತು. ಯಶೋಧರಾಳಿಗೆ ತಾನೇ ಗಾಜು ಬಡಿದು ‘ಈಗ ಎತ್ತರಿ’ ಎಂದು ಹೇಳಿಬಿಡಬೇಕು ಅನ್ನಿಸಿತು. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಸುರೈಯಾ ಪರೀಕ್ಷೆಯ ಗೆರೆಚಿತ್ರ ತೋರಿಸಿ ಹೇಳಿದಳು. ಜ್ವರದಲ್ಲಿ ಕಿವಿಯ ನರಕ್ಕೆ ಪೆಟ್ಟಾಗಿದೆ. ಎತ್ತರದ ಸಣ್ಣ ದನಿಗಳು ಅಷ್ಟೇ ಹೋಗಿವೆ. ಮರಳಿ ಬರುವುದು ಕಷ್ಟ, ಆದರೆ ಹೆಚ್ಚಾಗುವ ಲಕ್ಷಣ ಕಾಣುತ್ತಿಲ್ಲ. ಯಂತ್ರ ಹಾಕಿದರೆ ಸಾಕು. ಹೇಳುತ್ತಲೇ ಶೇಂಗಾಬೀಜದಷ್ಟು ಸಣ್ಣ ಎರಡು ಯಂತ್ರ ಅವನ ಕಿವಿಗಿಟ್ಟು, ಬೆನ್ನ ಹಿಂದೆ ಹೋಗಿ ನಿಂತು, ತುಟಿ ಸೇರಿಸಿ ಬಲು ಮೆಲ್ಲಗೆ ಗಾಳಿ ಬಿಟ್ಟಳು.

ಧರ್ಮರಾಜನ ಬೆರಳು ತಾನಾಗಿ ಮೇಲೆದ್ದಿತು.

“ಏ, ಪರೀಕ್ಷಾ ಮುಗಿದೈತೋ ಮಾರಾಯಾ! ಬೆರಳ ಇಳಸು!” ಎಂದು ಸುರೈಯಾ ನಕ್ಕಳು. ಅವನು ನಗಲಿಲ್ಲ. ಎತ್ತಿದ ಬೆರಳನ್ನು ನೋಡುತ್ತ ಕೂತಿದ್ದ.

“ಇದನ್ನ ಹಾಕ್ಕೊಂಡು ಕೆಲಸ ಮಾಡಬಹುದೇನು?”

“ಚಷ್ಮಾ ಹಾಕ್ಕೊಂಡು ಸೂಜಿ ಚುಚ್ಚತೀಯಲ್ಲ, ಅದಕ್ಕ ಯಾರನ್ನರೆ ಕೇಳಿದ್ಯಾ? ಮಾಡಬಹುದು ಅಂತ ನಾನ ಬರದ ಕೊಡ್ತೀನಿ. ಆದ್ರ ಮೊದಲು ಒಂದಷ್ಟು ದಿನ ಇನ್ನೊಬ್ಬರನ್ನ ಜೋಡಿ ಇಟ್ಕೊಂಡು ಮಾಡು. ವರ್ಷಕ್ಕೊಮ್ಮೆ ಬಂದು ತೋರಿಸು. ಮುಚ್ಚಿಟ್ಟೆ ಅಂದ್ರ ಮಾತ್ರ ನಾನ ಊರ ತುಂಬಾ ಡಂಗುರಾ ಹೊಡಸ್ತೀನಿ.”

ಸಂಜೆ ಗೈಬುಸಾಬ ಅದೇ ಫಾರ್ಮು ಹಿಡಿದು ಬಂದ. ಎಲ್ಲ ಕೇಳಿದ ಮೇಲೆ ಟೊಪ್ಪಿಗೆ ತೆಗೆದು ತಲೆ ತುರಿಸಿಕೊಂಡ.

“ಖರೇ ಹೇಳ್ತೀನ್ರಿ, ನನ್ನ ಪೆನ್ನಿಗೆ ‘ಇಲ್ಲ’ ಬಿಟ್ಟರ ಬ್ಯಾರೆ ಬರ್ಯಾಕ ಬರಂಗಿಲ್ಲ. ‘ಇದೆ’ ಅಂತ ಬರದದ್ದ ನೆನಪಿಲ್ಲ ನನಗ.”

“ಕಂಪನಿಯವ್ರು ಒಲ್ಲೆ ಅಂದ್ರ?” ಎಂದ ಧರ್ಮರಾಜ.

“ಅನಬಹುದು. ಸುಳ್ಳ ಹೇಳಂಗಿಲ್ಲ ನಿಮಗ.” ಗೈಬುಸಾಬ ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದ. “ಆದ್ರ ಒಂದ ಮಾತು ಕೇಳ್ರಿ. ನಾವು ಫಾರ್ಮ ಕೊಡುವಾಗ ಕಂಪನಿಯಾಗ ಯಾರೂ ಅದನ್ನ ಅಷ್ಟ ನೋಡಂಗಿಲ್ಲ. ಕೇಸ್ ಬೀಳ್ತೈತಲ್ರಿ, ಆವಾಗ ಒಂದೊಂದು ಅಕ್ಷರ ಓದ್ತಾರ. ಒಬ್ಬ ಡಾಕ್ಟರು, ಹೆಸರ ಬ್ಯಾಡ, ಹೊಸಾ ಜಾಗದಾಗ ಆಪರೇಷನ್ ಮಾಡಾಕ ಶುರು ಮಾಡಿದ್ರು. ನನಗ ಹೇಳಿದ್ರು, ಎಲ್ಲಿ? ಲಗ್ನದ ಊಟದ ಪಂಕ್ತಿಯಾಗ. ನಾ ಹೋಳಿಗಿ ತಿನ್ನೂದ್ರಾಗ ಮರತೆ. ಫಾರ್ಮಿನ್ಯಾಗ ಹೋದ ವರ್ಷದ್ದ ಹಂಗ. ಕೇಸ್ ಬಂದಾಗ ಆ ಜಾಗ ಇಲ್ಲ ಅಂತ ಕಂಪನಿ ತಳ್ಳಿ ಹಾಕ್ತು. ಅವತ್ತಿನಿಂದ ಹೋಳಿಗಿ ಕಂಡ್ರ ನನಗ ಎದಿ ಝಲ್ ಅಂತೈತಿ.”

“ಅಷ್ಟಾಗಿಯೂ ಮತ್ತ ಹಂಗ ಬರೀತೀಯಲ್ಲೋ ಗೈಬ್ಯಾ!” ಎಂದಳು ಮಂಚದ ಮೇಲಿನ ತಿಪ್ಪವ್ವ.

“ಚಟಾ ಯವ್ವಾ, ಏನ ಮಾಡ್ಲಿ? ಡಾಕ್ಟರ್ರು ಗಡಿಬಿಡ್ಯಾಗ ಇರ್ತಾರ, ನಾನೂ ಗಡಿಬಿಡ್ಯಾಗ ಇರ್ತೀನಿ.” ಅವನು ಕನ್ನಡಕ ಸರಿಮಾಡಿಕೊಂಡು ಹೊಸ ಫಾರ್ಮು ತೆಗೆದ. “ಇವತ್ತ ಮೊದಲಿಂದ ಕೇಳ್ತೀನಿ. ಹೊಸಾ ಜಾಗ ಯಾವರೆ?”

“ಇಲ್ಲ,” ಎಂದ ಧರ್ಮರಾಜ ಅಭ್ಯಾಸದಂತೆ. ತಕ್ಷಣ ನಾಲಗೆ ಕಚ್ಚಿಕೊಂಡ. “ಅಲ್ಲ, ತಡಿ. ನಿಡೋಣಿ. ಅಲ್ಲಿ ಹೊಸಾ ದವಾಖಾನಿ ಆಗೈತಿ, ಎರಡ ಸಲ ಹೋಗೇನಿ.”

“ಮಾವನ ಊರಿಗೆ ಹೋಗಿದ್ದು ಕೆಲಸದಾಗ ಬರ್ತೈತೇನೋ ಯಪ್ಪಾ?” ಎಂದು ತಿಪ್ಪವ್ವ ಕೇಳಿದಳು. ಎಲ್ಲರೂ ನಕ್ಕರು, ಯಶೋಧರಾಳೂ ಬಾಗಿಲಿನ ಹತ್ತಿರವೇ ನಿಂತು ನಕ್ಕಳು. ನಕ್ಕ ಮೇಲೆ, ಇನ್ನು ಅಲ್ಲಿ ನಿಲ್ಲುವುದೇಕೆ ಎಂದು ಒಳಬಂದು ಕುರ್ಚಿಯ ಮೇಲೆ ಕೂತಳು.

ಆ ಸಾಲು ಬಂದಾಗ ಗೈಬುಸಾಬ ಓದಿದ. ಧರ್ಮರಾಜ ಅವನ ಕೈಯಿಂದ ಪೆನ್ನು ತೆಗೆದುಕೊಂಡು ತಾನೇ ಬರೆದ. ‘ಇದೆ. ಎರಡೂ ಕಿವಿಗಳಲ್ಲಿ ಎತ್ತರದ ದನಿ ಮಂದವಾಗಿ ಕೇಳುತ್ತದೆ. ಶ್ರವಣಯಂತ್ರ ಧರಿಸುತ್ತೇನೆ. ತಜ್ಞರ ಪತ್ರ ಲಗತ್ತಿಸಿದೆ.’ ಬರೆದು, ಕಾಗದವನ್ನು ದೂರ ಹಿಡಿದು ಒಮ್ಮೆ ನೋಡಿ, ಸಹಿ ಮಾಡಿದ.

ಆಮೇಲಿನ ದಿನಗಳು ಆ ಮನೆಗೆ ಬಹಳ ಉದ್ದವಾದವು. ಕಂಪನಿಯಿಂದ ಸುದ್ದಿ ಬರಲಿಲ್ಲ. ಸುರೈಯಾಳ ಪತ್ರ ಸಾಲದು, ಪರೀಕ್ಷೆಯ ಚಿತ್ರವೂ ಬೇಕು ಎಂದರು. ಕೊಟ್ಟದ್ದಾಯಿತು. ಮೇಲಿನ ಸಾಹೇಬರು ನೋಡಬೇಕು ಎಂದರು. ಪಾಲಿಸಿ ಕೈಗೆ ಬರುವವರೆಗೆ ಯಾವ ಕೇಸಿಗೂ ಹೋಗುವುದಿಲ್ಲ ಎಂದು ಧರ್ಮರಾಜ ಮನೆಯಲ್ಲೇ ಕೂತ. ಫೋನು ಬಂದರೆ ಯಶೋಧರಾ “ಸಾಹೇಬ್ರು ಈ ವಾರ ಬರಂಗಿಲ್ರಿ” ಎನ್ನುತ್ತಿದ್ದಳು. ಅದು ಸುಳ್ಳಲ್ಲವಾದ್ದರಿಂದ ಅವಳ ದನಿ ತಡವರಿಸುತ್ತಿರಲಿಲ್ಲ. ಧರ್ಮರಾಜ ಕಿವಿಯಲ್ಲಿ ಯಂತ್ರವಿಟ್ಟುಕೊಂಡು ಮನೆಯೆಲ್ಲ ಸುತ್ತಾಡಿದ. ಅವ್ವ ಅಡಿಕೆ ಕತ್ತರಿಸುವುದು, ಪಾತ್ರೆಗೆ ಚಮಚ ತಾಗುವುದು, ಎಲ್ಲವೂ ಜೋರಾಗಿ ಕೇಳಿ ತಲೆ ಸಿಡಿಯುತ್ತದೆ ಎಂದು ಗೊಣಗಿದ.

“ಮೊದಲ ಕೇಳಂಗಿಲ್ಲ ಅಂತಿದ್ದಿ, ಈಗ ಭಾಳ ಕೇಳ್ತೈತಿ ಅಂತೀ. ನಿನಗ ಯಾವಾಗ ಸಮಾಧಾನಲೇ ಧರ್ಮಾ?” ಎಂದಳು ತಿಪ್ಪವ್ವ.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದರು. ಯಾರಿಗೂ ಹಸಿವಿರಲಿಲ್ಲ, ಆದರೂ ರೊಟ್ಟಿ ಮುರಿಯುತ್ತಿದ್ದರು. ಹೊರಗೆ ಮೋಟರ್ ಸೈಕಲ್ಲು ನಿಂತಿತು. ಗೈಬುಸಾಬ ಚಪ್ಪಲಿ ಬಿಡುವುದನ್ನೂ ಮರೆತು ಒಳಬಂದ. ಅವನ ಮುಖ ನೋಡಿದರೆ ಯಾವ ಸುದ್ದಿ ಎಂದು ತಿಳಿಯುವಂತಿರಲಿಲ್ಲ. ಉಬ್ಬಸದಿಂದ ಬಾಯಿ ತೆರೆದಿತ್ತು.

“ನೀರ ಕೊಡ್ರಿ ಅಕ್ಕಾರ.”

“ಮೊದಲ ಹೇಳ ಮಾರಾಯಾ!” ತಿಪ್ಪವ್ವ ಕೂಗಿದಳು.

“ಆತ್ರಿ. ಆತು.” ಅವನು ನೆಲದ ಮೇಲೆಯೇ ಕೂತುಬಿಟ್ಟ. “ದಾರ ಕಡೀಲಿಲ್ಲ. ನಿನ್ನಿವರಿಗೆ ಇದ್ದದ್ದೆಲ್ಲಾ ಹಂಗ ಮುಂದ ನಡೀತೈತಿ. ಒಂದ ಷರತ್ತು ಹಾಕ್ಯಾರ, ವರ್ಷಾ ಕಿವಿ ಪರೀಕ್ಷಾ ಮಾಡಿಸಿ ಕಾಗದ ಕೊಡಬೇಕು. ಅಷ್ಟ. ನಿಡೋಣಿನೂ ಸೇರಸ್ಯಾರ. ಮ್ಯಾಲಿನ ಸಾಹೇಬ್ರು ನನಗ ಫೋನ್ ಮಾಡಿ ಏನ ಕೇಳಿದ್ರು ಗೊತ್ತೇನ್ರಿ? ‘ಇಷ್ಟ ಸಾಫ್ ಬರದಾರಲ್ಲ, ಯಾರು ಈ ಡಾಕ್ಟರು?’ ಅಂದ್ರು.”

ಧರ್ಮರಾಜ ಮುರಿದ ರೊಟ್ಟಿಯನ್ನು ಪಲ್ಯಕ್ಕೆ ಹಚ್ಚಿ ಬಾಯಿಗಿಟ್ಟುಕೊಂಡ. ಅದು ಮುಗಿದ ಮೇಲೆ ಇನ್ನೊಂದು ತುತ್ತು. ಆಮೇಲೆ ಗಂಗಾಳವನ್ನು ಹೆಂಡತಿಯ ಕಡೆ ಸರಿಸಿ, “ಇನ್ನೊಂದ ರೊಟ್ಟಿ ಹಾಕು,” ಎಂದ. ತಿಪ್ಪವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಗೈಬುಸಾ‌ಬನಿಗೂ ಊಟಕ್ಕೆ ಕೂರಲು ಬೈದಳು.

ಮುಂದಿನ ವಾರಗಳಲ್ಲಿ ಅವನು ಸುರೈಯಾ ಹೇಳಿದಂತೆ ಇನ್ನೊಬ್ಬ ಅರವಳಿಕೆ ಡಾಕ್ಟರನ್ನು ಜೊತೆಗಿಟ್ಟುಕೊಂಡು ಕೆಲಸ ಮಾಡಿದ. ಕಿವಿಯಲ್ಲಿ ಏನಿದೆ ಎಂದು ಕೇಳಿದವರಿಗೆಲ್ಲ ತಾನೇ ಹೇಳಿದ. ಕೆಲವರು ಕರೆಯುವುದನ್ನು ನಿಲ್ಲಿಸಿದರು, ಹೆಚ್ಚಿನವರು ನಿಲ್ಲಿಸಲಿಲ್ಲ. ಕಡೆಗೊಂದು ಮುಂಜಾನೆ ಬಬಲೇಶ್ವರದಿಂದ ಫೋನು ಬಂತು. ಎರಡು ವರ್ಷದ ಹುಡುಗಿ, ಹರ್ನಿಯಾ. ಯಶೋಧರಾ ಫೋನಿನ ಮೇಲೆ ಅಂಗೈ ಮುಚ್ಚಿ ಗಂಡನ ಕಡೆ ನೋಡಿದಳು.

“ಬರ್ತೀನಿ ಅನ್ನು,” ಎಂದ ಧರ್ಮರಾಜ. ಸ್ವಲ್ಪ ತಡೆದು, “ನೀನೂ ಬಾ,” ಎಂದ.

ಬಬಲೇಶ್ವರದ ದವಾಖಾನೆಯ ಹಿಂದುಗಡೆ ಬೇವಿನ ಗಿಡವೊಂದರ ಕೆಳಗೆ ಕಲ್ಲಿನ ಕಟ್ಟೆ ಇತ್ತು. ಹುಡುಗಿಯ ಅಜ್ಜಿ ಪರಸವ್ವ ಆಗಲೇ ಅಲ್ಲಿ ಕೂತಿದ್ದಳು. ಮಗ ಸೊಸೆ ಬಾಗಿಲ ಬಳಿ ನಿಂತಿದ್ದರು. ಯಶೋಧರಾ ಬಂದು ಕೂತ ಕೂಡಲೇ ಮುದುಕಿ ಪರಿಚಯ ಕೇಳದೆ ಅವಳ ಕೈ ಹಿಡಿದುಕೊಂಡಳು. ಒರಟು ಕೈ, ತಣ್ಣಗಿತ್ತು.

“ಸಣ್ಣ ಕೂಸಿಗೆ ಮಂಪರ ಕೊಡ್ತಾರಂತ ಬೇ. ಏಳತೈತೋ ಇಲ್ಲೋ.”

“ಏಳತೈತ್ರಿ.”

“ನೀ ಹೆಂಗ ಹೇಳ್ತಿ?”

ಯಶೋಧರಾ ಬಾಗಿಲ ಕಡೆ ನೋಡಿದಳು. ಒಳಗೆ ಮಗುವಿನ ತಲೆದೆಸೆಯಲ್ಲಿ ಬಗ್ಗಿ ನಿಂತವನು ಅವಳ ಕಣ್ಣಿಗೆ ಕಟ್ಟುತ್ತಿದ್ದ. ಅವನು ಈಗ ಕೇಳಿಸಿಕೊಳ್ಳುತ್ತಿರಬಹುದು. ಇಷ್ಟು ಹೊತ್ತಿಗೆ ಕೇಳಿಸಿರಬಹುದು. ಅವಳು ತನ್ನ ಉಸಿರನ್ನೂ ಮೆಲ್ಲಗೆ ಬಿಟ್ಟಳು. ಗಿಡದ ನೆರಳು ಕಟ್ಟೆಯ ಈ ತುದಿಯಿಂದ ಆ ತುದಿಗೆ ಸರಿಯಿತು. ಪರಸವ್ವ ಹಿಡಿದ ಕೈ ಬಿಡಲಿಲ್ಲ. ಯಶೋಧರಾಳ ಬೆರಳು ಜೋಮು ಹಿಡಿದರೂ ಬಿಡಿಸಿಕೊಳ್ಳಲಿಲ್ಲ.

ಆಗ ಒಳಗಿನಿಂದ ಅಳು ಎದ್ದಿತು. ಮೊದಲು ಸಣ್ಣಗೆ, ಬೆಕ್ಕಿನ ಮರಿಯಂತೆ. ಆಮೇಲೆ ಸಿಟ್ಟಿನಿಂದ, ಗಂಟಲು ಬಿರಿಯುವ ಹಾಗೆ.

“ನಮ್ಮಕಿ! ನಮ್ಮಕಿನ ಅದು!” ಪರಸವ್ವ ಕೈ ಬಿಟ್ಟು ತೊಡೆ ಬಡಿದುಕೊಂಡಳು. “ಹೆಂಗ ಒದರಾಕತ್ತಾಳ ನೋಡು ರಂಡಿ! ಊರ ಎಬ್ಬಸ್ತಾಳ!”

ಬಾಗಿಲ ಬಳಿ ತಾಯಿ ಅಳುತ್ತ ನಗುತ್ತಿದ್ದಳು. ಪರಸವ್ವ ಮಡಿಲಿನ ಗಂಟು ಬಿಚ್ಚಿದಳು. ಒಳಗೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಇತ್ತು. ಮುಂಜಾನೆಯಿಂದ ಮುಟ್ಟಿರಲಿಲ್ಲ. ರೊಟ್ಟಿ ಮುರಿದು, ಹಿಂಡಿ ಹಚ್ಚಿ, ದೊಡ್ಡ ತುಂಡನ್ನು ಯಶೋಧರಾಳ ಅಂಗೈಗಿಟ್ಟಳು. ತಿನ್ನಲು ಅವಳಿಗೆ ನಾಚಿಕೆಯಾಗಲಿಲ್ಲ, ಹಸಿವಾಗಿತ್ತು. ಇಬ್ಬರೂ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಮೆಲ್ಲತೊಡಗಿದರು. ಒಳಗೆ ಮಗು ಅಳುತ್ತಲೇ ಇತ್ತು. ಅದನ್ನು ಸುಮ್ಮನಾಗಿಸಲು ಯಾರಿಗೂ ಅವಸರವಿರಲಿಲ್ಲ.